ಬ್ಯಾಟರಿಯನ್ನ ಕೇಳಿ ಚಾರ್ಜ್ ಮಾಡಿ ಸ್ವಾಮೀ!

ಮೊನ್ನೆ ಸಂಜೆ ದಶಾಶ್ವಮೇಧ ಘಾಟಿನಲ್ಲಿ ಗಂಗಾರತಿ ಮುಗಿಸಿಕೊಂಡು ಹಾವೇರಿ ಕಡೆಯ ಅಜ್ಜ-ಅಜ್ಜಿ ಇಬ್ಬರು ಮೆಟ್ಟಿಲು ಹತ್ತಿ ಮೇಲೆ ಬಂದರು. ಕ್ಯಾಂಟ್ ಸ್ಟೇಷನ್ನಿನಲ್ಲಿ ರಾತ್ರಿ ಅವರ ರೈಲು. ಗೋದೌಲಿಯಾ ಚೌಕ ದಾಟಿ ಒಂದು ಇ-ರಿಕ್ಷಾ ಹತ್ತಿದರು. ಎದುರು ಸೀಟಿನಲ್ಲಿ ನಾನೂ ಇದ್ದೆ. ಇನ್ನೂರು ಮೀಟರ್ ಹೋಗಿಲ್ಲ, ದೀಪ ಮಂಕಾಯ್ತು, ಗಾಡಿ ಉಸಿರು ಕಟ್ಟಿದವರ ಹಾಗೆ ನಿಂತುಬಿಡ್ತು. ಡ್ರೈವರ್ ಇಳಿದು, ಸೀಟು ಎತ್ತಿ ನೋಡಿ, "ಬೈಟರಿ ಬೈಠ್ ಗಯೀ ಬಾಬೂಜಿ" ಅಂದ.

"ಏನಂತಾನ್ರೀ ಅಂವಾ?" ಅಂತ ಅಜ್ಜಿ ಕೇಳಿದರು.

"ಬ್ಯಾಟರಿ ಕೂತುಬಿಡ್ತಂತೆ ಅಮ್ಮಾ."

"ನಾವೂ ಕೂತೀವಿ, ಅದೂ ಕೂತ್ರ ರೈಲು ಹಿಡಿಯೋರ್ಯಾರು?" ಅಂದರು ಅಜ್ಜ.

ನಗು ಬಂತು ನಿಜ. ಬೇರೆ ರಿಕ್ಷಾ ಹಿಡಿದು ಅವರನ್ನ ಕಳಿಸಿದ್ದೂ ಆಯ್ತು. ಆದರೆ ಡ್ರೈವರ್ ಮುಖ ನೋಡಿದ ಮೇಲೆ ನಗು ನಿಂತಿತು. ಎಂಟು ತಿಂಗಳ ಹಿಂದೆ 45,000 ರೂಪಾಯಿ ಸಾಲ ಮಾಡಿ ನಾಲ್ಕು ಹೊಸ ಬ್ಯಾಟರಿ ಹಾಕಿಸಿದ್ದನಂತೆ. ಸಾಲದ ಕಂತು ಇನ್ನೂ ಮುಗಿದಿಲ್ಲ. ಅಂಗಡಿಗೆ ಹೋಗಿ ಕೇಳಿದರೆ, "ನೀನು ಸರಿಯಾಗಿ ನೋಡಿಕೊಂಡಿಲ್ಲ, ವಾರಂಟಿ ಇಲ್ಲ, ನಾಲ್ಕನ್ನೂ ಬದಲಾಯಿಸು" ಅಂದರಂತೆ. ಒಬ್ಬರಾದರೂ ಮೀಟರ್ ಹಿಡಿದು ನೋಡಿದರಾ ಅಂದೆ. ಇಲ್ಲ. ಸೀಟು ಎತ್ತಿ, ಬಗ್ಗಿ ನೋಡಿ ತೀರ್ಪು ಕೊಟ್ಟರಂತೆ.

ಈ ಬರಹ ಆ ಸಿಟ್ಟಿನಲ್ಲಿ ಬರೀತಾ ಇದ್ದೀನಿ. ಸ್ವಲ್ಪ ಖಾರ ಜಾಸ್ತಿಯಾದರೆ ಸಹಿಸಿಕೊಳ್ಳಿ.

ನನ್ನ ಪೂರ್ವಾಪರ ಗೊತ್ತಿಲ್ಲದವರಿಗೆ ಎರಡು ಮಾತು. ದಾವಣಗೆರೆಯಲ್ಲಿ ಬಸ್ ಡಿಪೋದ ಬ್ಯಾಟರಿ ಕೋಣೆಯಲ್ಲಿ ಕೆಲಸ ಕಲಿತವನು ನಾನು. 1989ರಲ್ಲಿ ಕಾಶಿಗೆ ಬಂದೆ, ಜಂಗಮವಾಡಿ ಮಠದ ಹತ್ತಿರ ಬಾಡಿಗೆ ಮನೆ ಹಿಡಿದೆ, ಆಟೋ ಎಲೆಕ್ಟ್ರಿಕ್ ಅಂಗಡಿ ಹಾಕಿದೆ. ಎರಡು ವರ್ಷಕ್ಕೆ ಅಂತ ಬಂದವನು ಇಲ್ಲೇ ಬೇರು ಬಿಟ್ಟೆ. ನಾನು ಕರ್ನಾಟಕದವನಪ್ಪಾ ಅಂತ ಎಷ್ಟು ಸಲ ಹೇಳಿದರೂ ಇಲ್ಲಿನವರಿಗೆ ನಾನು ಇವತ್ತಿಗೂ "ಮದ್ರಾಸಿ ಬಾಬೂಜಿ". ಹೇಳೋದು ಬಿಟ್ಟು ಬಹಳ ವರ್ಷ ಆಯ್ತು.

ಡಿಪೋದಲ್ಲಿ ನಮ್ಮ ಮೇಸ್ತ್ರಿಯೊಬ್ಬರಿದ್ದರು. ಯಾರಾದರೂ ಬ್ಯಾಟರಿ ತಂದು ನೇರ ಚಾರ್ಜಿಗೆ ಹಾಕಿದರೆ ಅವರಿಗೆ ಕೆಂಡದಂಥ ಕೋಪ. "ಮನೆಗೆ ಬಂದೋರಿಗೆ ಊಟ ಆಯ್ತಾ ಅಂತ ಕೇಳದೆ ಬಾಯಿಗೆ ಅನ್ನ ತುರುಕ್ತೀಯೇನೋ?" ಅಂತ ಬೈಯೋರು. ಮೊದಲು ವೋಲ್ಟೇಜ್, ಆಮೇಲೆ ಆರೂ ಸೆಲ್ಲಿಗೆ ಹೈಡ್ರೋಮೀಟರ್, ಅದನ್ನ ಪುಸ್ತಕದಲ್ಲಿ ಬರೆಯೋದು. ಅದಾದ ಮೇಲೇ ಚಾರ್ಜಿಂಗು. ಇವತ್ತು ಡಯಾಗ್ನೋಸ್ಟಿಕ್ ಚಾರ್ಜರ್ ಅಂತ ಕರೆಯೋ ಯಂತ್ರ ಮಾಡೋದು ಹೆಚ್ಚುಕಮ್ಮಿ ಇದನ್ನೇ. ಕರೆಂಟು ನೂಕೋ ಮುಂಚೆ ಕೇಳುತ್ತೆ: ನಿನ್ನ ವೋಲ್ಟೇಜ್ ಎಷ್ಟು? ಪ್ಲಸ್-ಮೈನಸ್ ಸರಿಯಾಗಿದೆಯಾ? ಸ್ವಲ್ಪ ಕೊಟ್ಟರೆ ತಗೋತೀಯಾ? ಉತ್ತರ ಸರಿ ಬರದಿದ್ದರೆ ಚಾರ್ಜ್ ನಿಲ್ಲಿಸಿ ತಪ್ಪು ತೋರಿಸುತ್ತೆ. ತಗೊಳ್ಳೋ ಹಾಗಿದ್ದರೆ ಮೊದಲು ಜೋರಾಗಿ, ಆಮೇಲೆ ಕಮ್ಮಿ ಮಾಡುತ್ತಾ ಕೊಟ್ಟು, ತುಂಬಿದ ಮೇಲೆ ಕೈ ತೆಗೆಯುತ್ತೆ. ಚಾರ್ಜ್ ಮುಗಿದ ಮೇಲೂ ವೋಲ್ಟೇಜ್ ನಿಲ್ಲುತ್ತಾ, ಸೋರುತ್ತಾ ಅಂತ ನೋಡುತ್ತೆ. ಪವಾಡ ಏನೂ ಇಲ್ಲ, ನಮ್ಮ ಮೇಸ್ತ್ರಿ ಮಾಡ್ತಿದ್ದ ಕೆಲಸ.

ಈಗ ನಮ್ಮ ಡ್ರೈವರ್ ಕಥೆಗೆ ಬರೋಣ. ಮರುದಿನ ನನ್ನ ಚಾರ್ಜರು, ಒಂದು ಲೋಡ್ ಪೆಟ್ಟಿಗೆ, ಹೈಡ್ರೋಮೀಟರ್ ಹಿಡಕೊಂಡು ಅವನ ಚಾರ್ಜಿಂಗ್ ಷೆಡ್ಡಿಗೆ ಹೋದೆ. ರಾತ್ರಿಯೆಲ್ಲಾ ಚಾರ್ಜ್ ಆಗಿ, ನಾಲ್ಕು ಗಂಟೆ ಸುಮ್ಮನಿದ್ದ ಬ್ಯಾಟರಿಗಳು. ಒಂದೊಂದನ್ನೇ ಅಳೆದೆ. 12.6, 12.6, 12.5, 12.6 ವೋಲ್ಟು. "ನೋಡಿ, ಎಲ್ಲಾ ಸರಿ ಇದೆ" ಅಂದ ಷೆಡ್ಡಿನವನು. ಹೈಡ್ರೋಮೀಟರ್ ಹಾಕಿದೆ. ಮೂರು ಬ್ಯಾಟರಿಯ ಎಲ್ಲಾ ಸೆಲ್ಲುಗಳೂ 1.265ರ ಆಸುಪಾಸು. ಮೂರನೆಯ ಬ್ಯಾಟರಿಯಲ್ಲಿ ಮಾತ್ರ ಒಂದು ಸೆಲ್ಲು 1.150! ಆಮೇಲೆ ಒಂದೊಂದಕ್ಕೂ 20 ಆಂಪಿಯರ್ ಲೋಡ್ ಕೊಟ್ಟೆ. ಮಿಕ್ಕವು ಹಾಯಾಗಿ ನಡೆದವು. ಆ ಮೂರನೆಯದು 40 ನಿಮಿಷಕ್ಕೆ 10.5ಕ್ಕೆ ಬಂದು ಕೂತಿತು. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಅದೇ ತಳ. ಅದಕ್ಕಿಂತ ಕೆಳಗಿಳಿಸಬಾರದು.

ನಾಲ್ಕು ಬ್ಯಾಟರಿ, ಇಪ್ಪತ್ತನಾಲ್ಕು ಸೆಲ್ಲು. ಕೆಟ್ಟಿದ್ದು ಒಂದೇ ಒಂದು ಸೆಲ್ಲು. ಅದಕ್ಕೆ ನಾಲ್ಕು ಬ್ಯಾಟರಿಯೂ ಗುಜರಿಗೆ, ಮತ್ತೆ 45,000 ಸಾಲ!

ಬರೀ ವೋಲ್ಟೇಜ್ ನೋಡಿ ಬ್ಯಾಟರಿ ಚೆನ್ನಾಗಿದೆ ಅನ್ನೋದು ಬಿಳಿ ಬಟ್ಟೆ ನೋಡಿ ಸಂಭಾವಿತ ಅನ್ನೋ ಹಾಗೆ. ಈಗತಾನೇ ಚಾರ್ಜರಿನಿಂದ ಬಿಚ್ಚಿದ ಬ್ಯಾಟರಿ 13ರ ಮೇಲೇ ತೋರಿಸುತ್ತೆ. ಅದು ಮೇಲ್ಮೈಯ ಚಾರ್ಜು, ನಂಬಬೇಡಿ. ಕೆಲವು ಗಂಟೆ ಬಿಟ್ಟು ನೋಡಿ. ಆಗ 12.7ರ ಹತ್ತಿರ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಬಂದಿದ್ದರೆ ಹಸಿದು ಮಲಗಿದೆ ಅಂತ ಅರ್ಥ. ಹಾಗೆ ಹಸಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತೆ, ಮತ್ತೆ ಕರಗೋದು ಕಷ್ಟ. ಇಷ್ಟಾದರೂ ವೋಲ್ಟೇಜ್ ಹೇಳೋದು ಎಷ್ಟು ತುಂಬಿದೆ ಅನ್ನೋದನ್ನ ಮಾತ್ರ. ಎಷ್ಟು ಹಿಡಿಸುತ್ತೆ ಅನ್ನೋದು ಲೋಡ್ ಕೊಟ್ಟಾಗಲೇ ಗೊತ್ತಾಗೋದು.

ಷೆಡ್ಡಿನ ಚಾರ್ಜರ್ ಏನು ಮಾಡ್ತಿತ್ತು ಗೊತ್ತಾ? ಅದಕ್ಕೆ ಕಾಣೋದು ನಾಲ್ಕೂ ಸೇರಿದ ಒಟ್ಟು ಲೆಕ್ಕ ಮಾತ್ರ. ಚಾರ್ಜಿನ ಕೊನೆಗೆ ಒಟ್ಟು 57.6 ವೋಲ್ಟು. ಪುಸ್ತಕದ ಪ್ರಕಾರ ಸರಿಯಾಗೇ ಇದೆ, ಬ್ಯಾಟರಿಗೆ 14.4ರ ಹಾಗೆ. ನಾನು ಬಿಡಿಬಿಡಿಯಾಗಿ ಅಳೆದರೆ ಮೂರು ಬ್ಯಾಟರಿ 14.8ಕ್ಕೆ ಕುದೀತಾ ಇವೆ, ಕೆಟ್ಟದ್ದು 13.2ರಲ್ಲಿ ನಿಂತಿದೆ. ಕೂಡಿ ನೋಡಿ, ಲೆಕ್ಕ ಸರಿಯಾಗುತ್ತೆ! ಒಬ್ಬ ಉಪವಾಸ, ಮೂವರಿಗೆ ಅಜೀರ್ಣ, ಸರಾಸರಿ ಮಾತ್ರ ಆರೋಗ್ಯ. ಹೀಗೆ ಇನ್ನೊಂದು ಆರು ತಿಂಗಳು ನಡೆದಿದ್ದರೆ ಆ ಮೂರು ಒಳ್ಳೆ ಬ್ಯಾಟರಿಗಳೂ ನೀರಾರಿ ಹಾಳಾಗ್ತಿದ್ದವು.

ಆ ಒಂದು ಸೆಲ್ಲು ಯಾಕೆ ಕೆಟ್ಟಿತು? ಡ್ರೈವರನ್ನ ಕೇಳಿದೆ, ಯಾವ ನೀರು ಹಾಕ್ತೀಯಪ್ಪಾ? ಆ ಸೆಲ್ಲು ಪದೇ ಪದೇ ಒಣಗ್ತಿತ್ತಂತೆ. ಘಾಟಿನಲ್ಲಿ ಬಾಟಲಿ ತುಂಬಿಕೊಂಡು ಬಂದು ಹುಯ್ಯುತ್ತಿದ್ದನಂತೆ. "ಗಂಗಾಜಲ್ ಹೈ ಬಾಬೂಜಿ, ಇಸ್ ಸೇ ಶುದ್ಧ್ ಔರ್ ಕ್ಯಾ?" ಅಂದ. ಇದಕ್ಕಿಂತ ಶುದ್ಧ ಯಾವುದು ಅಂತ!

ಏನು ಹೇಳಲಿ? ನನ್ನ ದೇವರ ಗೂಡಿನಲ್ಲೂ ಗಂಗೆಯ ತಂಬಿಗೆ ಇದೆ. ನನ್ನ ತಾಯಿಯ ಬಾಯಿಗೆ ಕೊನೆಗೆ ಬಿಟ್ಟಿದ್ದೂ ಅದೇ ನೀರು. ಆದರೆ ನದಿ ನೀರು ಅಂದಮೇಲೆ ಅದರಲ್ಲಿ ಕ್ಯಾಲ್ಸಿಯಂ ಇರುತ್ತೆ, ಮೆಗ್ನೀಸಿಯಂ ಇರುತ್ತೆ, ಕ್ಲೋರೈಡು, ಕಬ್ಬಿಣ ಎಲ್ಲಾ ಇರುತ್ತೆ. ಕಾವೇರಿಗೂ ಅಷ್ಟೆ, ತುಂಗಭದ್ರೆಗೂ ಅಷ್ಟೆ, ಬೋರ್‌ವೆಲ್ಲಿಗೆ ಇನ್ನೂ ಹೆಚ್ಚು. ಬ್ಯಾಟರಿಗೆ ಬೇಕಾದ್ದು ಏನೂ ಇಲ್ಲದ ನೀರು, ಡಿಸ್ಟಿಲ್ಡ್ ವಾಟರ್. ಅದನ್ನೂ ಚಾರ್ಜ್ ಆದ ಮೇಲೆ ಗುರುತಿನ ತನಕ ಹಾಕಬೇಕು. ಪ್ಲೇಟು ಹೊರಗೆ ಕಾಣೋಷ್ಟು ಒಣಗಿದ್ದರೆ ಮಾತ್ರ ಮೊದಲು ಪ್ಲೇಟು ಮುಳುಗೋಷ್ಟು ಹಾಕಿ ಚಾರ್ಜಿಗೆ ಇಡಬೇಕು. ಆಸಿಡ್ ಅಂತೂ ಸುರಿಯೋದೇ ಬೇಡ. ಆರಿಹೋಗೋದು ನೀರು, ಆಸಿಡ್ ಒಳಗೇ ಇರುತ್ತೆ.

ಅವನ ಭಕ್ತಿಯನ್ನ ನಾನು ಆಡಿಕೊಳ್ತಿಲ್ಲ. ಅವನಿಗೆ ಇದನ್ನ ಹೇಳಿದವರು ಯಾರು? ಅಂಗಡಿಯಲ್ಲಿ ಕೊಟ್ಟ ಕಾರ್ಡು ಇಂಗ್ಲಿಷಿನಲ್ಲಿದೆ. ಅವನು ಹಿಂದಿಯನ್ನೇ ಕಷ್ಟಪಟ್ಟು ಓದ್ತಾನೆ. ಆ ಕಾರ್ಡಿನಲ್ಲಿ ಸಣ್ಣಕ್ಷರದಲ್ಲಿ ಬರೆದು, ಆಮೇಲೆ "ನೀನು ನೋಡಿಕೊಂಡಿಲ್ಲ" ಅಂದರೆ ಅದು ನ್ಯಾಯವಾ?

ಇನ್ನು ಅಪಾಯದ ಮಾತು. ಇದು ದುಡ್ಡಿನ ವಿಷಯ ಮಾತ್ರ ಆಗಿದ್ದರೆ ನಾನು ಇಷ್ಟು ಕೂಗಾಡ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಓಣಿಯ ಒಬ್ಬ ಹುಡುಗ, ಹದಿನೇಳು ವರ್ಷ, ಇಂಥದ್ದೇ ಒಂದು ಷೆಡ್ಡಿನಲ್ಲಿ ಕೆಲಸಕ್ಕಿದ್ದ. ಬೆಳಗಿನ ಜಾವ ರಿಕ್ಷಾದವನು ಅವಸರ ಮಾಡಿದ. ಹುಡುಗ ಸ್ವಿಚ್ ಆರಿಸದೆ ಕ್ಲಿಪ್ ಕಿತ್ತ. ಒಂದು ಕಿಡಿ. ಬ್ಯಾಟರಿಯ ಮುಚ್ಚಳ ಸಿಡಿದು ಆಸಿಡ್ ಮುಖಕ್ಕೆ ಬಿತ್ತು. ಅಲ್ಲಿ ಕೊಡ ನೀರು ಇರಲಿಲ್ಲ. ನಲ್ಲಿ ಇದ್ದಿದ್ದು ಗಲ್ಲಿಯ ಆ ತುದಿಗೆ. ಅವನ ಎಡಗಣ್ಣಿಗೆ ಇವತ್ತು ಬೆಳಕು-ಕತ್ತಲೆ ಬಿಟ್ಟರೆ ಬೇರೇನೂ ಕಾಣೋಲ್ಲ. ಅವರಮ್ಮ ನಮ್ಮ ಮನೆಗೆ ಬಂದಾಗಲೆಲ್ಲ ಕೇಳ್ತಾರೆ, ಭಯ್ಯಾ, ಬ್ಯಾಟರಿ ಹೀಗೂ ಸಿಡಿಯುತ್ತಾ?

ಸಿಡಿಯುತ್ತೆ. ಲೆಕ್ಕ ಹಾಕಿ ತೋರಿಸ್ತೀನಿ. ಸೀಸ-ಆಸಿಡ್ ಬ್ಯಾಟರಿ ತುಂಬಿದ ಮೇಲೂ ಕರೆಂಟು ಕೊಡ್ತಾ ಹೋದರೆ ಅದು ನೀರನ್ನ ಒಡೆದು ಹೈಡ್ರೋಜನ್, ಆಮ್ಲಜನಕ ಮಾಡುತ್ತೆ. ಒಂದು ಸೆಲ್ಲಿಗೆ ಒಂದು ಆಂಪಿಯರ್-ಗಂಟೆಗೆ ಸುಮಾರು 0.45 ಲೀಟರ್ ಹೈಡ್ರೋಜನ್. ಒಂದು ರಿಕ್ಷಾಗೆ 24 ಸೆಲ್ಲು, 10 ಆಂಪಿಯರ್ ಸುಮ್ಮನೆ ಹೋಗ್ತಿದೆ ಅಂದುಕೊಳ್ಳಿ. ಗಂಟೆಗೆ 108 ಲೀಟರ್. ಐದು ರಿಕ್ಷಾ ನಿಂತಿದ್ದರೆ 540 ಲೀಟರ್. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಇರೋ ಗಾಳಿ ಸುಮಾರು 28,000 ಲೀಟರ್. ಗಾಳಿಯಲ್ಲಿ ಶೇಕಡಾ 4 ಹೈಡ್ರೋಜನ್ ಸೇರಿದರೆ ಹೊತ್ತಿಕೊಳ್ಳುತ್ತೆ. ಅಂದರೆ 1,130 ಲೀಟರ್ ಸಾಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎರಡು ಗಂಟೆ ಸ್ವಲ್ಪ ಜಾಸ್ತಿ. ಹೈಡ್ರೋಜನ್ ಹಗುರ, ಮೇಲೆ ಚಾವಣಿಗೆ ಹೋಗಿ ಕೂರೋದರಿಂದ ಅಲ್ಲಿ ಇನ್ನೂ ಬೇಗ. ಬ್ಯಾಟರಿಯ ಮುಚ್ಚಳದ ಕೆಳಗಂತೂ ಯಾವಾಗಲೂ ಇದ್ದೇ ಇರುತ್ತೆ. ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿಕೊಂಡು, ಬೀಡಿ ಸೇದಿಕೊಂಡು, ಹುಡುಗರು ಮಲಗ್ತಾರೆ!

"ಗುಳ್ಳೆ ಬಂದರೆ ಚಾರ್ಜ್ ಚೆನ್ನಾಗಿ ಹತ್ತಿದೆ ಅಂತ" ಅನ್ನೋರಿಗೆ ಇದೇ ನನ್ನ ಉತ್ತರ. ಕೊನೆಯಲ್ಲಿ ಸ್ವಲ್ಪ ಗುಳ್ಳೆ ಸಹಜ. ರಾತ್ರಿಯಿಡೀ ಕೊತಕೊತ ಅಂದರೆ ಅದು ಚಾರ್ಜು ಅಲ್ಲ, ನಿಮ್ಮ ಕರೆಂಟ್ ಬಿಲ್ಲು, ನಿಮ್ಮ ಪ್ಲೇಟು, ನಿಮ್ಮ ಪ್ರಾಣ ಮೂರೂ ಆವಿ. ಅತಿಯಾದರೆ ಅಮೃತವೂ ವಿಷ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಕೊಳೆತ ಮೊಟ್ಟೆ ವಾಸನೆ ಬಂದರಂತೂ ತಕ್ಷಣ ಮೇನ್ ಆರಿಸಿ ಹೊರಗೆ ಬನ್ನಿ.

ಇನ್ನೊಂದು ಸೂಕ್ಷ್ಮ ಇದೆ. ಕಾಶಿಯ ಮೇ ತಿಂಗಳಲ್ಲಿ 45 ಡಿಗ್ರಿ ಬಿಸಿಲು. ಬಿಸಿ ಏರಿದ ಹಾಗೆ ಬ್ಯಾಟರಿಗೆ ಕೊಡೋ ವೋಲ್ಟೇಜ್ ಇಳಿಸಬೇಕು, ಒಂದು ಡಿಗ್ರಿಗೆ ಒಂದು ಸೆಲ್ಲಿಗೆ ಸುಮಾರು 4 ಮಿಲಿವೋಲ್ಟ್. 25ರಿಂದ 45 ಅಂದರೆ 20 ಡಿಗ್ರಿ, 24 ಸೆಲ್ಲು. ಹೆಚ್ಚುಕಮ್ಮಿ 2 ವೋಲ್ಟು ಕಮ್ಮಿ ಮಾಡಬೇಕು. ಜನವರಿಯ ಚಳಿಯಲ್ಲಿ ಉಲ್ಟಾ. ಉಷ್ಣತೆ ನೋಡೋ ತಂತಿ ಇರೋ ಚಾರ್ಜರ್ ಇದನ್ನ ತಾನೇ ಮಾಡುತ್ತೆ. ಷೆಡ್ಡಿನ ತಗಡಿನ ಡಬ್ಬಕ್ಕೆ ಮೇ ಆದರೇನು, ಜನವರಿ ಆದರೇನು!

"ಅಂಥ ಯಂತ್ರ ದುಬಾರಿ ಸ್ವಾಮೀ" ಅಂತೀರಾ? ಒಬ್ಬೊಬ್ಬ ರಿಕ್ಷಾದವನೂ ಕೊಳ್ಳಲಿ ಅಂತ ನಾನು ಹೇಳ್ತಿಲ್ಲ. ಷೆಡ್ಡಿಗೆ ಒಂದು ಸಾಕು. ಹದಿನೈದು ದಿನಕ್ಕೊಮ್ಮೆ ಪ್ರತಿ ಗಾಡಿಯ ನಾಲ್ಕೂ ಬ್ಯಾಟರಿ ಬಿಡಿಬಿಡಿಯಾಗಿ ಪರೀಕ್ಷೆ ಆಗಲಿ. 45,000ದ ಸೆಟ್ಟು ಎಂಟು ತಿಂಗಳಿಗೆ ಎಸೆಯೋದು ದುಬಾರಿಯೋ, ಹತ್ತಾರು ಜನ ಸೇರಿ ಒಂದು ಯಂತ್ರ ಇಟ್ಟುಕೊಳ್ಳೋದು ದುಬಾರಿಯೋ? ತರಕಾರಿ ತೂಗೋ ತಕ್ಕಡಿಗೆ ಮುದ್ರೆ ಬೇಕು ಅಂತ ಕಾನೂನು ಇದೆ, ಕಾಲು ಕಿಲೋ ಟೊಮೇಟೊ ಮೋಸ ಆಗಬಾರದು ಅಂತ. ಬಡವನ ಇಡೀ ವರ್ಷದ ಅನ್ನ ತೂಗೋ ಚಾರ್ಜರಿಗೆ ನಾನು ಸುತ್ತಿದ ಒಂದು ಷೆಡ್ಡಿನಲ್ಲೂ ಹೇಳೋರು ಕೇಳೋರು ಕಾಣಲಿಲ್ಲ.

ಇ-ರಿಕ್ಷಾಗೆ 2014ರ ಅಕ್ಟೋಬರಿನಲ್ಲಿ ನಿಯಮ ಬಂತು. ನಾಲ್ಕು ಜನ, 40 ಕಿಲೋ ಲಗೇಜು, ಗಂಟೆಗೆ 25 ಕಿಲೋಮೀಟರ್. 2016ರ ಮೇ 1ರಂದು ಪ್ರಧಾನಿಯವರೇ ಬಂದು ಈ ಊರಿನಲ್ಲಿ ಇ-ರಿಕ್ಷಾ ಹಂಚಿದರು, ಅದೇ ದಿನ ಅಸ್ಸಿ ಘಾಟಿನಲ್ಲಿ ಇ-ದೋಣಿಗಳನ್ನೂ ಕೊಟ್ಟರು. ಒಳ್ಳೆಯದೇ ಆಯ್ತು. ಸೈಕಲ್ ರಿಕ್ಷಾ ತುಳಿದು ಎದೆಗೂಡು ಹಿಂಡಿಹೋದವರನ್ನ ನಾನು ಕಣ್ಣಾರೆ ಕಂಡಿದ್ದೀನಿ. ಗಾಡಿ ಕೊಡೋಕೆ ಸಮಾರಂಭ, ಶಾಮಿಯಾನ ಎಲ್ಲಾ ಇರುತ್ತೆ. ಆ ಗಾಡಿ ರಾತ್ರಿ ಎಲ್ಲಿ ಉಣ್ಣುತ್ತೆ, ಯಾರು ಬಡಿಸ್ತಾರೆ ಅಂತ ಕೇಳೋರು ಯಾರು? ಬ್ರಹ್ಮ ಹತ್ತು ಅಶ್ವಮೇಧ ಮಾಡಿದ ಜಾಗ ಅಂತ ಈ ಘಾಟಿಗೆ ಹೆಸರು. ಯಾಗದ ಕುದುರೆಗೂ ಹುಲ್ಲು, ನೀರು ನೋಡಿಕೊಳ್ಳೋಕೆ ಆಳುಗಳಿದ್ದಿರಬೇಕು ಅಲ್ವಾ?

ಇದು ಹೊಸ ವಿದ್ಯೆ ಅಂತಲೂ ಹೇಳೋ ಹಾಗಿಲ್ಲ. ಸೀಸ-ಆಸಿಡ್ ಬ್ಯಾಟರಿಯನ್ನ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. ನಮ್ಮ ಬೆಂಗಳೂರಿನ ರೇವಾ ಕಾರು 2001ರಲ್ಲಿ ಬೀದಿಗೆ ಬಂತಲ್ಲ, ಅದೂ 48 ವೋಲ್ಟಿನದ್ದೇ, ಆರು ವೋಲ್ಟಿನ ಎಂಟು ಸೀಸ-ಆಸಿಡ್ ಬ್ಯಾಟರಿ. ಅದರೊಳಗೆ ಬ್ಯಾಟರಿ ಮೇಲೆ ಕಣ್ಣಿಡೋಕೆ ಒಂದು ಸಣ್ಣ ಕಂಪ್ಯೂಟರೇ ಇತ್ತು. ಉಳ್ಳವರ ಕಾರಿಗೆ ಕಾಲು ಶತಮಾನದ ಹಿಂದೆ ಸಿಕ್ಕಿದ ಬುದ್ಧಿ, ಬಡವನ ರಿಕ್ಷಾಗೆ ಇವತ್ತಿಗೂ ಸಿಕ್ಕಿಲ್ಲ ಅಂದರೆ ಅದು ತಂತ್ರಜ್ಞಾನದ ಕೊರತೆ ಅಲ್ಲ, ಮನಸ್ಸಿನ ಕೊರತೆ.

"ಲಿಥಿಯಂ ಬಂದರೆ ಎಲ್ಲಾ ಸರಿಹೋಗುತ್ತೆ ಬಿಡಿ" ಅನ್ನೋರೂ ಇದ್ದಾರೆ. ಲಿಥಿಯಂ ಒಳ್ಳೇದೇ. ಆದರೆ ಹಳೇ ಸೀಸದ ಚಾರ್ಜರನ್ನೇ ಅದಕ್ಕೆ ಚುಚ್ಚಿದರೆ? ಸಲ್ಫೇಟು ಕರಗಿಸೋಕೆ ಅಂತ ಹೆಚ್ಚು ವೋಲ್ಟೇಜ್ ಕೊಡೋ 'ರಿಪೇರಿ' ಗುಂಡಿಯನ್ನ ಲಿಥಿಯಂ ಮೇಲೆ ಒತ್ತಿದರೆ? ಅದು ಬೆಂಕಿ ಜೊತೆ ಸರಸ. ಲಿಥಿಯಂಗೆ ಅದರದ್ದೇ ಚಾರ್ಜರ್ ಬೇಕು, ಉಬ್ಬಿದ್ದರೆ ಮುಟ್ಟಲೂಬಾರದು.

ಬೆಂಗಳೂರಿನಲ್ಲಿ ಕೂತು ಓದ್ತಿರೋರು, ಇದು ಕಾಶಿ ಗಲ್ಲಿ ಕಥೆ ಅಂತ ನಗಬೇಡಿ. 2020ರ ಲಾಕ್‌ಡೌನಿನಲ್ಲಿ ನನ್ನ ತಮ್ಮನ ಕಾರು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎರಡು ತಿಂಗಳು ನಿಂತಿತ್ತು. ಬ್ಯಾಟರಿ ಮಲಗಿತು. ಸೀಲು ಮಾಡಿದ ಎಜಿಎಂ ಬ್ಯಾಟರಿ ಅದು. ಪಕ್ಕದ ಮನೆಯವರು ಪರೀಕ್ಷೆ ಗಿರೀಕ್ಷೆ ಏನೂ ಇಲ್ಲದೆ, ಹಳೇ ಚಾರ್ಜರಿನಲ್ಲಿ ಎಲ್ಲಕ್ಕಿಂತ ಜೋರಿನ ಗುಂಡಿ ಒತ್ತಿ ರಾತ್ರಿಯಿಡೀ ಬಿಟ್ಟರು. ಅದಕ್ಕೆ ಮೇಲಿಂದ ನೀರು ಹಾಕೋ ಹಾಗೂ ಇಲ್ಲ. ಬೆಳಿಗ್ಗೆ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಓದಿದವರಾದರೇನು, ಕೇಳದೆ ಕೊಟ್ಟರೆ ಫಲ ಒಂದೇ.

ಯಂತ್ರದ ಬಗ್ಗೆಯೂ ಒಂದು ಎಚ್ಚರಿಕೆ. ಹಸಿರು ದೀಪ ಬಂತು ಅಂತ ಕುಣಿಯಬೇಡಿ. ಕೆಲವು ಪರೀಕ್ಷಕಗಳು ಕಾರು ಸ್ಟಾರ್ಟ್ ಮಾಡೋ ಶಕ್ತಿ ಇದೆಯಾ ಅಂತ ಮಾತ್ರ ಅಂದಾಜು ಮಾಡ್ತವೆ. ದಿನವೆಲ್ಲಾ ಓಡೋ ರಿಕ್ಷಾ ಬ್ಯಾಟರಿಗೆ ಹೈಡ್ರೋಮೀಟರೂ ಬೇಕು, ಲೋಡ್ ಹಾಕಿ ನೋಡೋದೂ ಬೇಕು. ಸತ್ತ ಸೆಲ್ಲಿಗೆ ಜೀವ ಕೊಡೋ ಯಂತ್ರ ಅಂತ ಯಾರಾದರೂ ಮಾರಿದರೆ ದೂರ ಇರಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಷೆಡ್ಡಿನಲ್ಲಿ ಮೊದಲು ಪರೀಕ್ಷೆ, ಆಮೇಲೆ ಚಾರ್ಜು. ಚಾವಣಿಯ ಹತ್ತಿರ ಗಾಳಿ ಹೋಗೋಕೆ ಕಿಂಡಿ. ಮೇನ್ ಆರಿಸಿ ಕ್ಲಿಪ್ ಹಾಕೋದು, ಮೇನ್ ಆರಿಸಿಯೇ ಕ್ಲಿಪ್ ತೆಗೆಯೋದು. ಕೈಯಲ್ಲಿ ಉಂಗುರ, ಕೊರಳಲ್ಲಿ ಲೋಹದ ಸರ ಬೇಡ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಬಕೆಟ್ ತುಂಬಾ ನೀರು. ಕಣ್ಣಿಗೆ ಆಸಿಡ್ ಬಿದ್ದರೆ ಕನಿಷ್ಠ ಹದಿನೈದು ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಓಡೋದು. ಹಳೇ ಬ್ಯಾಟರಿಯ ಆಸಿಡ್ಡನ್ನ ಚರಂಡಿಗೆ, ಅಂದರೆ ಗಂಗೆಗೆ, ಚೆಲ್ಲದೆ ಮಾರಿದವರಿಗೇ ವಾಪಸ್ ಕೊಡೋದು. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಹಳೇ ಬ್ಯಾಟರಿ ವಾಪಸ್ ಪಡೆಯೋ ಹೊಣೆಯನ್ನ ತಯಾರಕರ ಮೇಲೇ ಹೊರಿಸಿದ್ದಾರೆ. ಮತ್ತೆ, ಒಂದು ನೋಟ್‌ಬುಕ್ಕು.

ಆ ನೋಟ್‌ಬುಕ್ಕಿನ ಮಹಿಮೆ ಕೇಳಿ. ಆ ದಿನ ನಾನು ಅಳೆದಿದ್ದನ್ನೆಲ್ಲಾ, ಇಪ್ಪತ್ತನಾಲ್ಕು ಸೆಲ್ಲಿನ ಲೆಕ್ಕ, ತಾರೀಖು, ಬ್ಯಾಟರಿ ನಂಬರು ಸಮೇತ ಹಿಂದಿಯಲ್ಲಿ ಬರೆದು ಡ್ರೈವರ್ ಕೈಗೆ ಕೊಟ್ಟೆ. ನೀರಿನ ವಿಷಯವನ್ನೂ ಮುಚ್ಚಿಡದೆ ಬರೆದೆ. ಇಬ್ಬರೂ ಅದೇ ಅಂಗಡಿಗೆ ಹೋದೆವು. ಅರ್ಧ ಗಂಟೆ ವಾದ ಆಯ್ತು. ಕೊನೆಗೆ ನಾಲ್ಕು ಬದಲಾಯಿಸೋ ಮಾತು ಬಿಟ್ಟರು. ಕೆಟ್ಟ ಒಂದರ ಬದಲಿಗೆ ಅದೇ ವಯಸ್ಸಿನ, ಅದೇ ಕಂಪನಿಯ, ಪರೀಕ್ಷೆ ಮಾಡಿದ ಬ್ಯಾಟರಿಯೊಂದನ್ನ ಅರ್ಧ ದರಕ್ಕೆ ಕೊಟ್ಟರು. ಪೂರ್ತಿ ನ್ಯಾಯ ಅಲ್ಲ. ಆದರೆ ಬಾಯಿಮಾತಿಗೆ ಸಿಗದ ಬೆಲೆ ಬರೆದ ಲೆಕ್ಕಕ್ಕೆ ಸಿಕ್ಕಿತು.

ಈಗ ಆ ಷೆಡ್ಡಿನ ಗೋಡೆಗೆ ಒಂದು ಮೊಳೆ, ಮೊಳೆಗೆ ದಾರ, ದಾರಕ್ಕೆ ನೋಟ್‌ಬುಕ್ಕು. ಪ್ರತಿ ಭಾನುವಾರ ನಾನು ನನ್ನ ಯಂತ್ರ ಹಿಡಕೊಂಡು ಹೋಗಿ ಕೂರ್ತೀನಿ. ಹೋದ ವಾರ ಏಳು ಗಾಡಿ ಬಂದಿದ್ದವು. ಕಣ್ಣು ಕಳಕೊಂಡ ಆ ಹುಡುಗನೂ ಬರ್ತಾನೆ, ನಾನು ಓದಿದ ಲೆಕ್ಕ ಅವನು ಬರೀತಾನೆ. ಕಿಂಡಿ ಮಾತ್ರ ಇನ್ನೂ ಆಗಿಲ್ಲ. "ಮಳೆಗಾಲ ಮುಗೀಲಿ ಬಾಬೂಜಿ" ಅಂತ ಮಾಲೀಕ ಮುಂದೂಡ್ತಾ ಇದ್ದಾನೆ. ನಾನೂ ಬಿಡೋನಲ್ಲ.

ಅದಿರಲಿ, ನಿಮ್ಮ ಮನೆ ಇನ್ವರ್ಟರ್ ಬ್ಯಾಟರಿಯ ಮುಚ್ಚಳ ತೆಗೆದು ನೋಡಿ ಎಷ್ಟು ತಿಂಗಳಾಯ್ತು? ಎದ್ದು ಹೋಗಿ ನೋಡಿ ಬನ್ನಿ. ಮೊದಲು ಸ್ವಿಚ್ ಆರಿಸಿ.